ರಮಾಬಾಯಿಗೆ ಸಿಕ್ಕ ನೆಮ್ಮದಿ

ಮಧ್ಯಾಹ್ನ ಕೆಲಸ ಮುಗಿಸಿ ಜಗಲಿಯಲ್ಲಿ ಕೂತಾಗ ನಾವು ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತೊಂದಿದೆ: "ಎಲ್ಲ ಇದೆ, ಮನಸ್ಸಿಗೆ ನೆಮ್ಮದಿ ಒಂದಿಲ್ಲ." ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. ಅವರಿಗೆ ಏನೂ ಇರಲಿಲ್ಲ. ಆದರೂ ನೆಮ್ಮದಿ ಸಿಕ್ಕಿತು.

ರಮಾಬಾಯಿ ನಮ್ಮ ನೆಲದವರೇ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿ ಸ್ವಜನರ ವಿರೋಧ ಕಟ್ಟಿಕೊಂಡು, ಘಟ್ಟದ ಮೇಲಿನ ಗಂಗಾಮೂಲದ ಕಾಡಿಗೆ ಹೋಗಿ ನೆಲೆಸಿದರು. 1858ರಲ್ಲಿ ರಮಾ ಹುಟ್ಟಿದ್ದು ಅಲ್ಲೇ. ಮುಂದೆ ಆ ಸಂಸಾರ ಪುರಾಣ ಹೇಳುತ್ತ ತೀರ್ಥಕ್ಷೇತ್ರಗಳನ್ನು ಸುತ್ತಿತು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಣ್ಣನೊಡನೆ ಬಹುಪಾಲು ನಡೆದೇ 1878ರಲ್ಲಿ ಕಲ್ಕತ್ತೆ ಸೇರಿದಾಗ, ಅಲ್ಲಿನ ವಿದ್ವಾಂಸರು ಆಕೆಗೆ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಬಿರುದಿನಿಂದ ದುಃಖ ತಪ್ಪಲಿಲ್ಲ. 1880ರಲ್ಲಿ ಅಣ್ಣ ಹೋದ. 1882ರಲ್ಲಿ ಗಂಡ ಕಾಲರಾಕ್ಕೆ ಬಲಿಯಾದರು. ಆಗ ರಮಾಬಾಯಿಗೆ ಇಪ್ಪತ್ತಮೂರು. ಕಂಕುಳಲ್ಲಿ ಹೆಣ್ಣು ಕೂಸು ಮನೋರಮಾ.

ವೈದ್ಯಕೀಯ ಓದುವ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾದ್ದರಿಂದ ಅದು ಕೈಗೂಡಲಿಲ್ಲ. ಅಲ್ಲಿ ಫುಲ್‌ಹ್ಯಾಮ್‌ನಲ್ಲಿ, 'ಕೆಟ್ಟವರು' ಎಂದು ಜನ ದೂರವಿಟ್ಟ ಹೆಂಗಸರನ್ನು ಸನ್ಯಾಸಿನಿಯರು ಅಕ್ಕರೆಯಿಂದ ನೋಡಿಕೊಳ್ಳುವುದನ್ನು ಕಂಡರು. ಇವರಿಗೇಕೆ ಈ ಕರುಣೆ ಎಂದು ಕೇಳಿದಾಗ, ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸನ್ನು ಮಾತನಾಡಿಸಿದ ಕಥೆ ಉತ್ತರವಾಗಿ ಬಂತು. ಆ ವರ್ಷ ಸೆಪ್ಟೆಂಬರ್ 29ರಂದು ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು.

ಅಂದೇ ಅವರ ಮನಸ್ಸು ತಿಳಿಯಾಯಿತೆಂದು ನಾನು ಬಹುಕಾಲ ತಿಳಿದಿದ್ದೆ. 1907ರಲ್ಲಿ ಅವರು ಬರೆದ ಆತ್ಮನಿವೇದನೆ ಓದಿದ ಮೇಲೆ ನನ್ನ ತಪ್ಪು ಗೊತ್ತಾಯಿತು. ತನಗೆ ಆಗ ಸಿಕ್ಕಿದ್ದು ಕ್ರೈಸ್ತಮತ, ಕ್ರಿಸ್ತನಲ್ಲ ಎಂದು ಅವರೇ ಒಪ್ಪಿಕೊಂಡಿದ್ದಾರೆ. ದೀಕ್ಷೆಯ ನಂತರ ಸುಮಾರು ಎಂಟು ವರ್ಷ ಒಳಗಿನ ತಳಮಳ ನಿಲ್ಲಲಿಲ್ಲ. ಗುರುಗಳೊಡನೆ ವಾದ ಮಾಡಿದರು, ಪುಸ್ತಕ ಬರೆದರು, 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಕೊನೆಗೆ, ಪಾಂಡಿತ್ಯವಾಗಲಿ ಸೇವೆಯಾಗಲಿ ಶಾಂತಿಯನ್ನು ಗಳಿಸಿಕೊಡಲಾರದು, ತನ್ನನ್ನೇ ಒಪ್ಪಿಸಿಕೊಡಬೇಕು ಎಂಬುದು ಅವರಿಗೆ ಹೊಳೆಯಿತು.

ಆ ಶಾಂತಿಗೆ ಬೆಲೆ ತೆರಬೇಕಾಯಿತು. ಸದನದಲ್ಲಿ ಮತಬೋಧನೆ ಇಲ್ಲವೆಂಬ ಮಾತಿತ್ತು. ರಮಾಬಾಯಿ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುತ್ತಿದ್ದರು. ಹುಡುಗಿಯರು ಬಂದು ಕೂರತೊಡಗಿದರು. ಆಗ ಸದನ ಪುಣೆಯಲ್ಲಿತ್ತು. 1893ರಲ್ಲಿ ಊರು ತಿರುಗಿಬಿತ್ತು. ಅನೇಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಆ ಹಿರಿಯರ ಅಂಜಿಕೆ ನನಗೆ ಅರ್ಥವಾಗುತ್ತದೆ. ಮನೆಗೆ ಮರಳಿದ ಬಾಲವಿಧವೆಗೆ ಮತ್ತೆ ಅದೇ ಮೂಲೆ ಕಾದಿತ್ತೆಂಬುದನ್ನೂ ನಾನು ಮರೆಯಲಾರೆ.

ರಮಾಬಾಯಿ ಬಾಗಿಲು ಮುಚ್ಚಲಿಲ್ಲ. 1896-97ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಹಸಿದ ಹುಡುಗಿಯರನ್ನು, ವಿಧವೆಯರನ್ನು ಕರೆತಂದರು. ತಾನೂ ಹಸಿದು ಅಲೆದ ಹುಡುಗಿಯಾಗಿದ್ದವರಲ್ಲವೇ! ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ 'ಮುಕ್ತಿ' ಬೆಳೆಯಿತು. 1900ರ ಬರಗಾಲದ ನಂತರ ಅಲ್ಲಿದ್ದವರು ಸಾವಿರ ಮೀರಿದರು. ಅವರು ನೇಯ್ದರು, ಉತ್ತರು, ಅಚ್ಚುಮೊಳೆ ಜೋಡಿಸಿದರು. ಕುರುಡರೂ ಓದು ಕಲಿತರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸಾಮಾನ್ಯರ ಮರಾಠಿಗೆ ತಂದರು.

1921ರಲ್ಲಿ ಮನೋರಮಾ ತಾಯಿಗಿಂತ ಮೊದಲೇ ಹೊರಟುಹೋದಳು. ಒಬ್ಬಳೇ ಮಗಳು. ಆಮೇಲೂ ರಮಾಬಾಯಿ ಅನುವಾದದ ಕೆಲಸ ಬಿಡಲಿಲ್ಲ; ಅದನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು.

ನೆಮ್ಮದಿ ಎಂದರೆ ಕಷ್ಟ ತೀರಿದ ಮೇಲೆ ಸಿಗುವ ಬಿಡುವು ಎಂದುಕೊಂಡಿದ್ದವಳು ನಾನು. ರಮಾಬಾಯಿಯ ಕಷ್ಟ ತೀರಲೇ ಇಲ್ಲ. ಜಗಲಿಯ ಮೇಲೆ ಆ ಹಳೆಯ ಮಾತು ಬಂದಾಗ ಈಗ ನಾನು ಗೆಳತಿಯರಿಗೆ ಗಂಗಾಮೂಲದ ಈ ಹುಡುಗಿಯ ಕಥೆ ಹೇಳುತ್ತೇನೆ.