ಗೋಹರ್ ಕರ್ನಾಟಕಿ: ಕೇಳುತ್ತ ಕಲಿತ ಕಂಠ

ಬಾಲಗಂಧರ್ವರ ಕುರಿತ ಮರಾಠಿ ಬರಹಗಳನ್ನು ಓದುತ್ತ ಹೋದರೆ ಒಂದು ಘಟ್ಟದಲ್ಲಿ ಬೀಳಗಿಯ ಹೆಣ್ಣುಮಗಳೊಬ್ಬಳ ಹೆಸರು ಬಂದೇ ಬರುತ್ತದೆ. ಅದು ಗೋಹರ್‌ಬಾಯಿ ಕರ್ನಾಟಕಿ. ಆ ಹೆಸರು ಬರುತ್ತಲೇ ಬರಹದ ದನಿಯೂ ಬದಲಾಗುತ್ತದೆ. ಅಲ್ಲಿಯತನಕ ಭಕ್ತಿಯಿಂದ ಬರೆಯುತ್ತಿದ್ದವರು ಪಂಚನಾಮೆ ಬರೆಯಲು ಕೂತವರಂತೆ ಕಾಣುತ್ತಾರೆ. ಗಂಧರ್ವರ ಸಂಸಾರ ಒಡೆದವಳು, ಕಂಪನಿ ಮುಳುಗಿಸಿದವಳು ಎಂಬ ಆರೋಪಗಳ ಕೆಳಗೆ ಒಂದು ಸರಳ ಸಂಗತಿ ಹೂತುಹೋಗಿದೆ. ಗೋಹರ್ ಮೊದಲಿಗೆ ಒಬ್ಬ ಕೇಳುಗಳು. ಆಕೆಯಷ್ಟು ಗಾಢವಾಗಿ ಗಂಧರ್ವರನ್ನು ಕೇಳಿದವರು ಕಡಿಮೆ.

ಬೀಳಗಿಗೂ ಮರಾಠಿ ನಾಟಕಕ್ಕೂ ಎಲ್ಲಿಯ ನಂಟು ಎಂದು ಇವತ್ತಿನ ನಕಾಶೆ ನೋಡಿದವರಿಗೆ ಅನ್ನಿಸಬಹುದು. ಹಳೆಯ ನಕಾಶೆ ಬೇರೆಯಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ಇಂದು ಒಂದೇ ಉಸಿರಿನಲ್ಲಿ ಹೇಳುವ ರಬಕವಿ-ಬನಹಟ್ಟಿಯಲ್ಲಿ ರಬಕವಿ ಸಾಂಗಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿಯದು. ಬೀಳಗಿ ಮಾತ್ರ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಬೈಠಕ್ಕಿನಲ್ಲಿ ಹಿಂದೂಸ್ತಾನಿ. ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಈ ಮೂರೂ ಬೇರೆಬೇರೆ ಲೋಕಗಳೆಂದು ಗೊತ್ತಾದದ್ದು ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ.

ಹಾಗೆ ನೋಡಿದರೆ ಕೊಡುಕೊಳ್ಳುವ ವ್ಯವಹಾರ ಅದಕ್ಕೂ ಹಳೆಯದು. 1843ರಲ್ಲಿ ಸಾಂಗಲಿಯ ವಿಷ್ಣುದಾಸ ಭಾವೆ 'ಸೀತಾಸ್ವಯಂವರ' ಆಡಿಸಿದ್ದಕ್ಕೆ ಪ್ರೇರಣೆ ಹೊನ್ನಾವರ ಸೀಮೆಯ ಕರ್ಕಿಯಿಂದ ಹೋಗಿದ್ದ ಭಾಗವತರ ಮೇಳ. 1880ರಲ್ಲಿ 'ಶಾಕುಂತಲ'ವನ್ನು ರಂಗಕ್ಕೆ ತಂದು ಸಂಗೀತ ನಾಟಕಕ್ಕೆ ದಾರಿ ಮಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಅವರ ಹೆಸರಿನ ಮಂಡಳಿಯನ್ನು 1905ರಲ್ಲಿ ಸೇರಿದ ಹುಡುಗ ನಾರಾಯಣ ಶ್ರೀಪಾದ ರಾಜಹಂಸ. ಎಳೆಯ ವಯಸ್ಸಿನ ಅವರ ಹಾಡು ಕೇಳಿ ಲೋಕಮಾನ್ಯ ತಿಲಕರು ಕರೆದ ಹೆಸರೇ ಬಾಲಗಂಧರ್ವ. 1913ರಲ್ಲಿ ಗಂಧರ್ವ ನಾಟಕ ಮಂಡಳಿ ಶುರುವಾಯಿತು. ಭಾಮಿನಿ, ರುಕ್ಮಿಣಿ, ಸಿಂಧು ಮುಂತಾದ ಹೆಣ್ಣುಪಾತ್ರಗಳಲ್ಲಿ ಅವರು ಹಾಡಿದ್ದನ್ನು ಕೇಳಲು ಜನ ಊರೂರಿನಿಂದ ಬರುತ್ತಿದ್ದರು. ಅವರು ಉಟ್ಟ ಸೀರೆಯ ರೀತಿಯನ್ನು ಗೃಹಿಣಿಯರು ಅನುಸರಿಸುತ್ತಿದ್ದರು. ಒಂದೊಂದು ಪದಕ್ಕೂ 'ಒನ್ಸ್ ಮೋರ್' ಬೀಳುತ್ತಿತ್ತು. ಗಂಧರ್ವರು ಮತ್ತೆ ಹಾಡುತ್ತಿದ್ದರು, ಪ್ರತಿಸಲವೂ ಬೇರೆ ರೀತಿಯಲ್ಲಿ. ನಾಟಕ ಬೆಳಗಿನ ಜಾವಕ್ಕೆ ಮುಗಿಯುತ್ತಿತ್ತು.

ನಾಟಕಕ್ಕೆ ಹೋಗಲಾಗದವರ ಮನೆಗೆ ಗಂಧರ್ವರು ಗ್ರಾಮಫೋನ್ ಪ್ಲೇಟಿನಲ್ಲಿ ಬಂದರು. ಒಂದು ಬದಿಗೆ ಮೂರು-ಮೂರೂವರೆ ನಿಮಿಷ. ಅಷ್ಟರಲ್ಲೇ ಆಲಾಪ, ತಾನು, ಮಾತಿನ ಮೆರುಗು ಎಲ್ಲ ಅಡಕವಾಗಬೇಕು. ಆದರೆ ಪ್ಲೇಟಿನಲ್ಲಿ ಒಂದು ಅನುಕೂಲವಿದೆ. ಮುಳ್ಳನ್ನು ಎತ್ತಿ ಮತ್ತೆ ಮೊದಲಿಗಿಟ್ಟರೆ ಒನ್ಸ್ ಮೋರ್‌ಗೆ ಯಾರ ಅಪ್ಪಣೆಯೂ ಬೇಡ. ಕಲಿಯುವವರಿಗೆ ಅದು ಬೇಸರಿಸದ ಗುರು.

ಗೋಹರ್ ಹಾಡುವವರ, ಬಾರಿಸುವವರ ಮನೆತನದವರು. ಅದೇ ಮನೆಯ ಇನ್ನೊಬ್ಬ ಮಗಳು ಅಮೀರಬಾಯಿ ಮುಂಬಯಿಗೆ ಹೋಗಿ ಹಿಂದಿ ಚಿತ್ರಗಳ ಗಾಯಕಿಯಾದರು. 1943ರ 'ಕಿಸ್ಮತ್' ಅವರ ದನಿಯನ್ನು ದೇಶದ ತುಂಬ ಹಬ್ಬಿಸಿತು. ಗೋಹರ್ ಕೂಡ ಮುಂಬಯಿ ಸೇರಿ, ಗಂಧರ್ವ ಶೈಲಿಯಲ್ಲಿ ಹಾಡುವವರೆಂದೇ ಹೆಸರಾದರು. ಅಕ್ಕತಂಗಿಯರ ಹೆಸರಿನ ಮುಂದಿನ 'ಕರ್ನಾಟಕಿ'ಯನ್ನು ಗಮನಿಸಿ. ನಮ್ಮ ರಾಜ್ಯ ಏಕೀಕರಣಗೊಂಡಿದ್ದು 1956ರಲ್ಲಿ, ಅದಕ್ಕೆ ಕರ್ನಾಟಕವೆಂಬ ಹೆಸರು ಬಂದಿದ್ದು 1973ರಲ್ಲಿ. ಅದಕ್ಕೂ ಮೊದಲೇ ಬೀಳಗಿಯ ಈ ಹೆಣ್ಣುಮಕ್ಕಳು ಆ ಹೆಸರನ್ನು ಮುಂಬಯಿಯಲ್ಲಿ ತಮ್ಮ ವಿಳಾಸವಾಗಿ ಹೊತ್ತು ತಿರುಗಿದರು.

ಪ್ಲೇಟಿನಲ್ಲಿ ಕೇಳುವುದಕ್ಕೂ ಎದುರಿಗೆ ಕೇಳುವುದಕ್ಕೂ ಇರುವ ಅಂತರ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತದ ಕಲಾವಿದೆಯೊಬ್ಬರ ಹಾಡನ್ನು ಎರಡು ವರ್ಷ ಮೊಬೈಲಿನಲ್ಲಿ ಕೇಳಿದ್ದೆ. ನಾಲ್ಕು ನಿಮಿಷದ ತುಣುಕು, ನನಗೆ ಉಸಿರುಸಿರೂ ಬಾಯಿಪಾಠ. ಆಮೇಲೆ ಮುಧೋಳ ಕಡೆಯ ಒಂದು ಜಾತ್ರೆಯಲ್ಲಿ ಅವರೇ ಸತ್ಯಭಾಮೆಯಾಗಿ ಬಂದರು. ಮೊಬೈಲಿನಲ್ಲಿ ಕೇಳಿದ ದನಿ ಹರೆಯದ್ದು, ಎದುರಿಗೆ ನಿಂತವರಿಗೆ ಅರವತ್ತರ ಹತ್ತಿರ. ಮೇಲಿನ ಸ್ವರಕ್ಕೆ ಹೋದಾಗ ಕಂಠ ಒಡೆಯಿತು. ಅವರು ಅಲ್ಲೇ ನಿಂತು, ಹಾರ್ಮೋನಿಯಂ ಕಡೆ ನೋಡಿ ನಕ್ಕು, ಅದೇ ಸಾಲನ್ನು ಕೆಳಗಿನಿಂದ ಮೆಲ್ಲಗೆ ಎತ್ತಿಕೊಂಡರು. ಮುಂದೆ ಕೂತ ಮುದುಕ ಎದ್ದು ಹೋಗಿ ಇಪ್ಪತ್ತು ರೂಪಾಯಿ ಆಯೇರಿ ಮಾಡಿದ. ಪಕ್ಕದಲ್ಲಿದ್ದವರೊಬ್ಬರು, "ಮೊದ್ಲಿನ ದನಿ ಉಳಿದಿಲ್ರಿ, ಆದ್ರ ಅಕಿ ಅದಾಳಲ್ರಿ" ಅಂದರು. ದನಿಯನ್ನು ಮೆಚ್ಚುವುದು ಬೇರೆ, ದನಿಯ ಒಡತಿಯನ್ನು ಅವರ ವಯಸ್ಸಿನ ಸಮೇತ ಒಪ್ಪುವುದು ಬೇರೆ ಎಂದು ಆ ರಾತ್ರಿ ಅರ್ಥವಾಯಿತು.

ಗೋಹರ್ ಕಥೆಯಲ್ಲಿ ಇದೇ ಮುಖ್ಯ. 1930ರ ದಶಕದ ಕೊನೆಗೆ ಆಕೆ ಗಂಧರ್ವ ಮಂಡಳಿ ಸೇರಿದಾಗ ಗಂಧರ್ವರಿಗೆ ಐವತ್ತರ ಆಸುಪಾಸು. ಪ್ಲೇಟಿನೊಳಗಿನ ರುಕ್ಮಿಣಿಗೆ ವಯಸ್ಸಾಗುವುದಿಲ್ಲ, ರಂಗದ ಮೇಲಿನ ರುಕ್ಮಿಣಿಗೆ ಆಗಿತ್ತು. ಕಂಪನಿಯ ಸಾಲ 1920ರ ದಶಕದಲ್ಲೇ ಬೆಟ್ಟದಷ್ಟಾಗಿತ್ತು. ನಿಜವಾದ ಜರಿಸೀರೆ, ಅತ್ತರು, ದುಬಾರಿ ಸಜ್ಜಿಕೆ ಇಲ್ಲದೆ ಗಂಧರ್ವರು ರಂಗಕ್ಕೆ ಬರುತ್ತಿರಲಿಲ್ಲ. 1931ರಲ್ಲಿ 'ಆಲಂ ಆರಾ', ಮರುವರ್ಷ ಮರಾಠಿ ಟಾಕಿ ಬಂದವು. ನಾಟಕದ ಪ್ರೇಕ್ಷಕರು ಟಾಕೀಸಿನತ್ತ ತಿರುಗಿದರು. ಸ್ವತಃ ಗಂಧರ್ವರೂ 1935ರಲ್ಲಿ ಪ್ರಭಾತ್ ಸಂಸ್ಥೆಯ 'ಧರ್ಮಾತ್ಮಾ'ದಲ್ಲಿ ಏಕನಾಥರಾಗಿ ಕಾಣಿಸಿಕೊಂಡು, ಮತ್ತೆ ರಂಗಭೂಮಿಗೇ ಮರಳಿದರು. ಈ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ, ಕಂಪನಿ ಮುಳುಗಿಸಿದವಳು ಗೋಹರ್ ಎಂಬ ಮಾತು ನಿಲ್ಲುವುದಿಲ್ಲ. ಆಕೆ ಹತ್ತಿದ್ದು ಆಗಲೇ ನೀರು ತುಂಬಿದ್ದ ಹಡಗನ್ನು.

ಆದರೂ ದೂರು ಆಕೆಯ ಮೇಲೆಯೇ ಏಕೆ ನಿಂತಿತು? ಆಕೆ ಮುಸ್ಲಿಂ, ಕಲಾವಂತ ಮನೆತನದವಳು, ಮರಾಠಿಯವಳಲ್ಲ ಎಂಬುದು ಒಂದು ಉತ್ತರ. ಆದರೆ ಅದೇ ಮಂಡಳಿಯಲ್ಲಿ ತಬಲಾ ಬಾರಿಸುತ್ತಿದ್ದವರು ಅಹ್ಮದ್‌ಜಾನ್ ತಿರಕ್ವಾ. ಅವರ ಬೆರಳುಗಳಿಗೆ ತಲೆದೂಗುತ್ತಿದ್ದ ಪ್ರೇಕ್ಷಕರಿಗೆ ಧರ್ಮ ಅಡ್ಡ ಬಂದಿರಲಿಲ್ಲ. ಪಕ್ಕವಾದ್ಯ ಪಕ್ಕದಲ್ಲಿರುವತನಕ ಯಾರಿಗೂ ತಕರಾರಿಲ್ಲ. ಗೋಹರ್ ರಂಗದ ನಡುವೆ ಬಂದು ನಿಂತರು. ಗಂಡಸೊಬ್ಬ ಹೆಣ್ಣಾಗಿ ಹಾಡಿದ್ದನ್ನು ಆದರ್ಶವೆಂದು ಕೊಂಡಾಡಿದ ಸಭಾಗೃಹಕ್ಕೆ, ಅದೇ ಪದಗಳನ್ನು ಅದೇ ಚೆಲುವಿನಿಂದ ಹಾಡುವ ನಿಜವಾದ ಹೆಣ್ಣು ನಕಲಿಯಂತೆ ಕಂಡಳು. ಮೂರು ದಶಕ ಹೆಣ್ಣುದನಿಯನ್ನು ಅನುಕರಿಸಿದವರಿಗೆ ಗಂಧರ್ವ ಪದವಿ ಸಿಕ್ಕಿತು, ಅವರನ್ನು ಅನುಕರಿಸಿದ ಹೆಣ್ಣಿಗೆ ಅಪವಾದ ಸಿಕ್ಕಿತು.

ಮುಂದೆ ಗಂಧರ್ವರ ಕಾಲುಗಳ ಬಲ ಹೋಯಿತು. ರಂಗದ ಮೇಲೆ ಓಡಾಡಿದವರು ಕೂತಲ್ಲೇ ಭಜನೆ ಹಾಡುವಂತಾಯಿತು. ಅವರನ್ನು ನೋಡಿಕೊಂಡವರು ಗೋಹರ್‌ಬಾಯಿ. 1964ರಲ್ಲಿ ಗಂಧರ್ವರಿಗೆ ಪದ್ಮಭೂಷಣ ಬಂತು, 1967ರಲ್ಲಿ ಅವರು ತೀರಿಕೊಂಡರು. ಪುಣೆಯಲ್ಲಿ ಅವರ ಹೆಸರಿನ ರಂಗಮಂದಿರವಿದೆ.

ಕಳೆದ ವರ್ಷ ಬೀಳಗಿಯ ಚಹಾದಂಗಡಿಯೊಂದರಲ್ಲಿ ಗೋಹರ್ ಹೆಸರೆತ್ತಿದೆ. ಹಿರಿಯರೊಬ್ಬರು, "ಅಮೀರಬಾಯಿ ಮನಿಯಾಕಿ ಅಲ್ರಿ?" ಎಂದು ಕೇಳಿದರು. ರಹಮತ್ ತರೀಕೆರೆಯವರು ಅಮೀರಬಾಯಿಯ ಕುರಿತು ಕನ್ನಡದಲ್ಲಿ ಪುಸ್ತಕ ಬರೆದ ಮೇಲೆ ಆ ಹೆಸರಾದರೂ ಮತ್ತೆ ಓಡಾಡುತ್ತಿದೆ. ಗೋಹರ್ ಮಾತ್ರ ಮರಾಠಿಯಲ್ಲಿ ಗಂಧರ್ವರ ಮನೆಯಾಕೆ, ಕನ್ನಡದಲ್ಲಿ ಅಮೀರಬಾಯಿಯ ಮನೆಯಾಕೆ.

ನಾವು ಸಂಗೀತದ ಚರಿತ್ರೆಯನ್ನು ಹಾಡಿದವರ ಚರಿತ್ರೆಯಾಗಿ ಮಾತ್ರ ಬರೆಯುತ್ತೇವೆ. ಕೇಳಿದವರನ್ನು 'ಅಭಿಮಾನಿಗಳು' ಎಂಬ ಒಂದೇ ಚೀಲಕ್ಕೆ ತುಂಬುತ್ತೇವೆ. ಗೋಹರ್‌ರ ಹಾಡು ಕೇಳುವಾಗ ನನಗೆ ಗಂಧರ್ವರ ನಕಲು ಕೇಳುವುದಿಲ್ಲ. ಒಂದು ಕಂಠವನ್ನು ಇನ್ನೊಂದು ಕಂಠ ಎಷ್ಟು ಶ್ರದ್ಧೆಯಿಂದ ಓದಿತ್ತು ಎಂಬುದು ಕೇಳುತ್ತದೆ. ನಮ್ಮ ಸೀಮೆ ಗಂಧರ್ವಗಾನಕ್ಕೆ ಕೊಟ್ಟ ಅತಿ ದೊಡ್ಡ ಒನ್ಸ್ ಮೋರ್ ಅದು.