ಡ್ರಾಕುಲಾನ ಜಾಡು ಹಿಡಿದ ಸಹಶಿಕ್ಷಕಿ

ರಕ್ತ ಹೀರುವ ಪ್ರೇತದ ಕತೆಗಳಲ್ಲಿ ಹೆಣ್ಣಿಗೆ ಬಹುಮಟ್ಟಿಗೆ ಎರಡೇ ಪಾತ್ರ: ಬಲಿಯಾಗುವುದು, ಇಲ್ಲವೇ ತಾನೇ ಪ್ರೇತವಾಗುವುದು. ಐರಿಷ್ ಲೇಖಕ ಲೆ ಫಾನು ಅವರ 1872ರ ‘ಕಾರ್ಮಿಲ್ಲಾ’ದಲ್ಲಿ ಕಾಡುವವಳೂ ಹೆಣ್ಣು, ನರಳುವವಳೂ ಹೆಣ್ಣು. 1897ರಲ್ಲಿ ಪ್ರಕಟವಾದ ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ದಲ್ಲಿ ಲೂಸಿ ಎರಡೂ ಆಗುತ್ತಾಳೆ.

ಅವಳ ಗೆಳತಿ ಮೀನಾ ಹಾಗಲ್ಲ. ಮದುವೆಗೆ ಮುನ್ನ ಆಕೆ ಶಾಲೆಯ ಸಹಶಿಕ್ಷಕಿ. ಶೀಘ್ರಲಿಪಿ, ಬೆರಳಚ್ಚು ಕಲಿತವಳು. ಎಲ್ಲರ ದಿನಚರಿ, ಪತ್ರಗಳನ್ನು ಬೆರಳಚ್ಚು ಮಾಡಿ ದಿನಾಂಕದಂತೆ ಜೋಡಿಸುವಲ್ಲಿ ಆಕೆಯದೇ ಮುಖ್ಯ ದುಡಿಮೆ. ಆದರೂ ಗಂಡಸರು, ಹೆಂಗಸಿಗೆ ಈ ಅಪಾಯ ಬೇಡವೆಂದು ಆಕೆಯನ್ನು ಹೊರಗಿಟ್ಟರು. ಡ್ರಾಕುಲಾ ಆಕೆಯನ್ನು ಕಚ್ಚಿದ್ದು ಆಗಲೇ! ಮತ್ತೆ ಸೇರಿಸಿಕೊಂಡ ಮೇಲೆ, ಅವನು ಯಾವ ನದಿಯಲ್ಲಿ ಪರಾರಿಯಾಗುತ್ತಿದ್ದಾನೆಂದು ತರ್ಕಿಸಿ ಹೇಳಿದವಳೂ ಮೀನಾಳೇ.

ಹೆಣ್ಣುಮಕ್ಕಳನ್ನು ಕಾಯುವುದು ಕತ್ತಲೆಯಲ್ಲಿಟ್ಟಲ್ಲ, ಕಲಿಸಿ, ಜೊತೆಗೆ ಕೂರಿಸಿಕೊಂಡು.