ಸುಂಕದವನ ಮುಂದೆ ಕಾಳುಮೆಣಸು

ಮೂಡಿಗೆರೆಯ ಹತ್ತಿರ ನಮ್ಮ ಅಕ್ಕ-ಭಾವನವರಿಗೆ ಮೂರು ಎಕರೆ ಕಾಫಿ ತೋಟವಿದೆ. ಕಾಫಿ ಕೈಕೊಟ್ಟ ವರ್ಷ ಆ ಮನೆಯನ್ನು ನಡೆಸುವುದು ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿಗಳೇ. ನಾನು ಇಲ್ಲಿ ಮುಂಬಯಿಯಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯ ಗುಮಾಸ್ತ. ಸುಂಕದ ಇಲಾಖೆಗೂ ನನಗೂ ಯಾವ ಸಂಬಂಧವೂ ಇಲ್ಲ. ಆದರೆ ಭಾವನ ದೃಷ್ಟಿಯಲ್ಲಿ ಕೇಂದ್ರ ಸರ್ಕಾರವೆಂದರೆ ನಾನೇ. ಕಿಲೋಗೆ 600 ರೂಪಾಯಿಯ ಮೇಲಿದ್ದ ಮೆಣಸು 2017ರಲ್ಲಿ ಜಾರತೊಡಗಿದಾಗ ಒಂದು ರಾತ್ರಿ ಫೋನು ಮಾಡಿ, "ಏನೋ ಮಾರಾಯ, ನಿಮ್ಮ ದಿಲ್ಲಿಯವರು ವಿಯೆಟ್ನಾಮಿನ ಮೆಣಸನ್ನು ಸಿಂಹಳದ ಮೆಣಸು ಅಂತ ಒಳಗೆ ಬಿಡ್ತಾ ಇದ್ದಾರಂತಲ್ಲ? ನೋಡಿದರೆ ಗೊತ್ತಾಗೋದಿಲ್ಲವೇನೋ?" ಎಂದು ತರಾಟೆಗೆ ತೆಗೆದುಕೊಂಡರು.

ಸುಂಕದವನ ಮುಂದೆ ಸುಖ-ದುಃಖ ಹೇಳಿಕೊಳ್ಳಬಾರದೆಂದು ಗಾದೆಯೇ ಇದೆ. ಆದರೂ ಭಾವನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವನಾದ ನಾನು ಹೇಳಬಲ್ಲೆ: ನೋಡಿದರೆ ಗೊತ್ತಾಗುವುದಿಲ್ಲ. ಮೂಡಿಗೆರೆಯ ಕಾಳು, ವಿಯೆಟ್ನಾಮಿನ ಕಾಳು, ಸಿಂಹಳದ ಮಾತಳೆಯ ಕಾಳು, ಎಲ್ಲವೂ ಪೈಪರ್ ನೈಗ್ರಮ್ ಎಂಬ ಒಂದೇ ಬಳ್ಳಿಯ ಫಲ. ಸುಂಕದವನು ನೋಡುವುದು ಕಾಳಿಗೆ ಕೊಟ್ಟ ಹೆಸರನ್ನು, ಅದರ ಜೊತೆಗೆ ಬಂದ ಕಾಗದವನ್ನು. ವಿಚಾರಿಸುತ್ತ ಹೋದರೆ ಇದು ಇಂದು ನಿನ್ನೆಯ ಕಥೆಯಲ್ಲ.

ರೋಮನರ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಿಂದ ಕೆಂಪು ಸಮುದ್ರದ ದಾರಿಯಲ್ಲಿ ಈಜಿಪ್ಟಿಗೆ ಹೋದ ಸರಕಿಗೆ ನಾಲ್ಕರಲ್ಲಿ ಒಂದು ಪಾಲು ಸುಂಕವಿತ್ತು. ಕೇರಳದ ಮುಜಿರಿಸ್ ಬಂದರಿನ ವ್ಯಾಪಾರಕ್ಕೆ ಸಂಬಂಧಿಸಿದ, ಎರಡನೆಯ ಶತಮಾನದ ಒಂದು ಪಪೈರಸ್ ಹಾಳೆ ವಿಯೆನ್ನಾದಲ್ಲಿದೆ. 1985ರಲ್ಲಿ ಪ್ರಕಟವಾದ ಆ ಹಾಳೆಯಲ್ಲಿ ಈ ಕಾಲುಪಾಲಿನ ಮಾತು ಬರುತ್ತದೆ. ಅದಕ್ಕಿಂತ ಸ್ವಾರಸ್ಯವಾದದ್ದು ಅಲೆಕ್ಸಾಂಡ್ರಿಯದ ಸುಂಕದ ಪಟ್ಟಿ. ಸುಂಕಕ್ಕೆ ಒಳಪಟ್ಟ ಪೂರ್ವದೇಶದ ಪದಾರ್ಥಗಳನ್ನು ಹೆಸರಿಸುವ ಈ ಪಟ್ಟಿ ರೋಮನ್ ನ್ಯಾಯಸಂಹಿತೆಯಲ್ಲಿ ಉಳಿದುಬಂದಿದೆ. ಅದರಲ್ಲಿ ಹಿಪ್ಪಲಿ ಇದೆ, ಬಿಳಿಮೆಣಸು ಇದೆ; ಕಾಳುಮೆಣಸು ಮಾತ್ರ ಇಲ್ಲ! ಹಿಪ್ಪಲಿಯೇನೋ ಬೇರೆ ಬಳ್ಳಿ ಎನ್ನೋಣ. ಬಿಳಿಮೆಣಸು ಎಂದರೆ ಸಿಪ್ಪೆ ತೆಗೆದ ಕಾಳುಮೆಣಸೇ ತಾನೆ? ಪ್ಲಿನಿ ಎಂಬ ರೋಮನ್ ಪಂಡಿತ ಕೊಟ್ಟ ಬೆಲೆಯ ಪ್ರಕಾರ ಒಂದು ಪೌಂಡಿಗೆ ಹಿಪ್ಪಲಿ 15 ದಿನಾರಿ, ಬಿಳಿಮೆಣಸು 7, ಕಾಳುಮೆಣಸು 4. ಅಗ್ಗದ ಕಾಳುಮೆಣಸು ಆ ಹೊತ್ತಿಗೆ ಸಾಮಾನ್ಯರ ಅಡಿಗೆಮನೆ ಸೇರಿದ್ದರಿಂದ ಅದನ್ನು ಪಟ್ಟಿಯಿಂದ ಬಿಟ್ಟರೆಂದು ಕೆಲವು ವಿದ್ವಾಂಸರ ಊಹೆ. ಕಾರಣ ಏನೇ ಇರಲಿ, ಸಿಪ್ಪೆ ಇದ್ದರೆ ಒಂದು ಲೆಕ್ಕ, ಸುಲಿದರೆ ಇನ್ನೊಂದು ಲೆಕ್ಕ ಎನ್ನುವುದು ಅಂದೇ ಶುರುವಾಗಿತ್ತು.

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಕಾಗದದ ಮಹಿಮೆಯನ್ನು ಇನ್ನೂ ಮೇಲಕ್ಕೆ ಒಯ್ದರು. ಅರಬ್ಬೀ ಸಮುದ್ರದಲ್ಲಿ ಓಡಾಡುವ ಹಡಗುಗಳು 'ಕಾರ್ತಾಜ್' ಎಂಬ ರಹದಾರಿ ಪಡೆಯಬೇಕು. ಇಲ್ಲದಿದ್ದರೆ ಹಡಗೂ ಹೋಯಿತು, ಸರಕೂ ಹೋಯಿತು. ಮೆಣಸಂತೂ ಅವರ ದೊರೆಯ ಏಕಸ್ವಾಮ್ಯ. ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು 'ಮೆಣಸಿನ ರಾಣಿ' ಎಂದು ಕರೆದವರೂ ಅವರೇ, 1569ರಲ್ಲಿ ಹೊನ್ನಾವರದ ಮೇಲೆ ಏರಿಬಂದವರೂ ಅವರೇ. ಬಳ್ಳಿ ಘಟ್ಟದ್ದು, ಬೆವರು ನಮ್ಮವರದ್ದು, ರಹದಾರಿ ಮಾತ್ರ ಅವರದ್ದು.

ಅದೇ ಪೋರ್ಚುಗೀಸರ ಹಡಗುಗಳಲ್ಲಿ ಅಮೆರಿಕದ ಒಂದು ಹೊಸ ಖಾರ ನಮ್ಮ ದೇಶಕ್ಕೆ ಬಂತು. ಅದಕ್ಕೂ ಮೆಣಸಿಗೂ ಸಸ್ಯಶಾಸ್ತ್ರದ ಪ್ರಕಾರ ದೂರದ ನೆಂಟಸ್ತಿಕೆಯೂ ಇಲ್ಲ. ಆದರೂ ಕೊಲಂಬಸ್ ಅದನ್ನು ಮೆಣಸೆಂದ. ನಾವೂ ಮೆಣಸಿನಕಾಯಿ ಎಂದೆವು. ಕೊನೆಗೆ ಹೊಸಬನ ಹಾವಳಿಯಿಂದ ಹಳಬನೇ 'ಕಾಳುಮೆಣಸು', 'ಕರಿಮೆಣಸು' ಎಂದು ಗುರುತು ಹೇಳಿಕೊಳ್ಳಬೇಕಾಯಿತು. ಕರಾವಳಿಯವರು ಮಾತ್ರ ಅದನ್ನು 'ಒಳ್ಳೆಮೆಣಸು' ಎಂದು ಕರೆದು ಮಾನ ಉಳಿಸಿದ್ದಾರೆ.

ಈ ಗೊಂದಲ ಸುಂಕದ ಪುಸ್ತಕದಲ್ಲೂ ಕೂತಿದೆ. 1988ರ ಜನವರಿ 1ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಪ್ರಪಂಚದ ಪ್ರತಿ ಸರಕಿಗೂ ಒಂದು ಸಂಖ್ಯೆ. ಒಂಬತ್ತನೆಯ ಅಧ್ಯಾಯ ಕಾಫಿ, ಚಹಾ, ಮಸಾಲೆಗಳದ್ದು. ಅಲ್ಲಿ 0904 ಎಂಬ ಒಂದೇ ಶೀರ್ಷಿಕೆಯಲ್ಲಿ ಕಾಳುಮೆಣಸೂ ಒಣಮೆಣಸಿನಕಾಯಿಯೂ ಒಟ್ಟಿಗೆ ವಾಸ. ಆದರೆ ಮೆಣಸಿನ ಖಾಸಾ ದಾಯಾದಿಯಾದ ಬಾಲಮೆಣಸನ್ನು ಈ ಅಧ್ಯಾಯದಿಂದ ಹೊರಹಾಕಿ, ಔಷಧಿಯ ಗಿಡಮೂಲಿಕೆಗಳ ಸಾಲಿಗೆ, 1211ಕ್ಕೆ, ಕಳಿಸಿದ್ದಾರೆ. ನಮ್ಮ ಸಾರಿನಪುಡಿಯ ಪಾಡು ಕೇಳಿ. ಕೊತ್ತಂಬರಿ, ಜೀರಿಗೆ 0909, ಮೆಣಸು 0904. ಎಲ್ಲ ಕುಟ್ಟಿ ಬೆರೆಸಿದರೆ 0910. ಅದಕ್ಕೆ ಉಪ್ಪು, ಹುರಿದ ಬೇಳೆ ಇತ್ಯಾದಿ ಸೇರಿ ಮಸಾಲೆಯ ಮೂಲಸ್ವರೂಪವೇ ಬದಲಾಯಿತೆಂದು ಅಧಿಕಾರಿಗೆ ಕಂಡರೆ ಅಧ್ಯಾಯವೇ ಬೇರೆ, 2103. ನಮ್ಮಾಕೆಗೆ ಇದನ್ನು ಓದಿ ಹೇಳಿದಾಗ, "ರುಚಿ ನೋಡಿ ಹೇಳ್ತಾರೇನು?" ಎಂದು ಕೇಳಿದಳು.

ಈಗ ಭಾವನ ಪ್ರಶ್ನೆಗೆ ಬರೋಣ. ಹೆಸರು ಗೊತ್ತಾದ ಮೇಲೆ ಸುಂಕದವನು ಕೇಳುವ ಎರಡನೆಯ ಪ್ರಶ್ನೆ 'ಯಾವ ಊರು?' ಎಂಬುದು. ನಮ್ಮ ದೇಶದಲ್ಲಿ ಕಾಳುಮೆಣಸಿನ ಸಾಮಾನ್ಯ ಆಮದು ಸುಂಕವನ್ನು ನೂರಕ್ಕೆ 70ರಷ್ಟು ಎತ್ತರದಲ್ಲಿ ಇಟ್ಟಿದ್ದರು. ಆದರೆ 1998ರ ಡಿಸೆಂಬರ್ 28ರಂದು ಶ್ರೀಲಂಕಾದೊಡನೆ ಮುಕ್ತ ವ್ಯಾಪಾರದ ಒಪ್ಪಂದಕ್ಕೆ ಸಹಿಯಾಯಿತು. 2000ದ ಮಾರ್ಚಿನಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಶ್ರೀಲಂಕಾದಲ್ಲಿ ಬೆಳೆದ ಮೆಣಸಿಗೆ ಸುಂಕವಿಲ್ಲ. ಮುಂದೆ ವರ್ಷಕ್ಕೆ 2,500 ಟನ್ ಎಂಬ ಮಿತಿ ಬಂತು. ಅದನ್ನು ಮೀರಿದ್ದಕ್ಕೆ ಸಾರ್ಕ್ ದೇಶಗಳ ಒಪ್ಪಂದದಡಿ ನೂರಕ್ಕೆ 8ರಷ್ಟು ಮಾತ್ರ. ಅತ್ತ ವಿಯೆಟ್ನಾಂ ಸೇರಿದ ಆಸಿಯಾನ್ ದೇಶಗಳೊಡನೆ 2009ರಲ್ಲಿ ಆದ ಒಪ್ಪಂದದಲ್ಲಿ ನಮ್ಮವರು ಮೆಣಸಿನ ವಿಷಯದಲ್ಲಿ ಬಿಗಿಯಾಗಿಯೇ ಇದ್ದರು: 70ರಿಂದ ಮೆಲ್ಲಮೆಲ್ಲನೆ, 2019ರ ಕೊನೆಗೆ 50ಕ್ಕೆ ಇಳಿಸುವುದು, ಅಷ್ಟೇ.

ಇಲ್ಲೇ ಇರುವುದು ಗುಟ್ಟು. ಸುಂಕ ಐವತ್ತೇ ಎಂದು ಹಿಡಿದರೂ, ನೂರು ರೂಪಾಯಿಯ ವಿಯೆಟ್ನಾಂ ಮೆಣಸು ನೇರವಾಗಿ ಬಂದರೆ ನೂರೈವತ್ತು. ಅದೇ ಕಾಳು ಕೊಲಂಬೊದಲ್ಲಿ ಚೀಲ ಬದಲಾಯಿಸಿ, 'ಶ್ರೀಲಂಕಾದಲ್ಲಿ ಬೆಳೆದದ್ದು' ಎಂಬ ಮೂಲದ ದೃಢೀಕರಣ ಪತ್ರ ಹೊತ್ತು ಬಂದರೆ ನೂರು, ಹೆಚ್ಚೆಂದರೆ ನೂರೆಂಟು. 2000ದ ನಂತರ ವಿಯೆಟ್ನಾಂ ನಮ್ಮನ್ನು ಹಿಂದಿಕ್ಕಿ ಜಗತ್ತಿನ ಮೆಣಸಿನ ಮೊದಲನೆಯ ದೇಶವಾಗಿತ್ತು. ಅಲ್ಲಿ ಬೆಳೆ ಹೆಚ್ಚಾಗಿ ಬೆಲೆ ಕುಸಿದಾಗ ಈ ಅಡ್ಡದಾರಿಯ ಆಸೆಯೂ ಹೆಚ್ಚಿತು. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರ ಕೂಗಿಗೆ ಇದೇ ಕಾರಣ. ಈಚಿನ ವರ್ಷಗಳಲ್ಲಿ ಕೇರಳವನ್ನು ಮೀರಿ ಅತಿ ಹೆಚ್ಚು ಮೆಣಸು ಬೆಳೆದದ್ದು ನಮ್ಮ ಕರ್ನಾಟಕವೇ ಆದ್ದರಿಂದ ಪೆಟ್ಟೂ ನಮಗೇ ಹೆಚ್ಚು.

ಹಾಗೆಂದು ಸಿಂಹಳದವರನ್ನೆಲ್ಲ ಬೈಯುವುದು ನ್ಯಾಯವಲ್ಲ. ಅಲ್ಲಿನ ಮೆಣಸಿನಲ್ಲಿ ಖಾರದ ಸತ್ವವಾದ ಪೈಪರಿನ್ ಹೆಚ್ಚು. ಮೆಣಸಿನ ಸಾರ ತೆಗೆಯುವ ನಮ್ಮ ಕಾರ್ಖಾನೆಗಳಿಗೆ ಅದು ಬೇಕೇ ಬೇಕು. ಮಾತಳೆಯಲ್ಲಿ ಎರಡು ಎಕರೆ ಬಳ್ಳಿ ಇಟ್ಟವನೂ ನಮ್ಮ ಭಾವನಂಥವನೇ. ಬೇರೆಯವರ ಕಾಳು ಅವನ ಹೆಸರಿನಲ್ಲಿ ಸಾಗಿದರೆ ಅವನಿಗೇನೂ ದಕ್ಕುವುದಿಲ್ಲ.

2017ರ ಡಿಸೆಂಬರ್ 6ರಂದು ಸರ್ಕಾರ ಕಿಲೋಗೆ 500 ರೂಪಾಯಿಗಳ ಕನಿಷ್ಠ ಆಮದು ಬೆಲೆಯನ್ನು ಗೊತ್ತುಮಾಡಿತು. 2018ರ ಮಾರ್ಚಿನಲ್ಲಿ, ಅದಕ್ಕಿಂತ ಅಗ್ಗದ ಮೆಣಸನ್ನು ತರುವುದೇ ನಿಷಿದ್ಧವೆಂದಿತು. ಭಾವ ಸಂತೋಷಪಟ್ಟರು, ಮೂರು ತಿಂಗಳಲ್ಲಿ ಮತ್ತೆ ಫೋನು. ಆ ವರ್ಷ ಪೇಟೆಯ ಬೆಲೆ 400ರ ಕೆಳಗೂ ಇಳಿಯಿತು. ಅಗ್ಗದ ಸರಕಿಗೇ 500ರ ಮೇಲಿನ ಬೆಲೆ ಬರೆದು ತರುತ್ತಿದ್ದಾರೆಂದು ಬೆಳೆಗಾರರು ದೂರಿದರು. ಸಾಮಾನ್ಯವಾಗಿ ಸುಂಕ ಉಳಿಸಲು ಬೆಲೆಯನ್ನು ಕಡಿಮೆ ತೋರಿಸುವುದು ಲೋಕರೂಢಿ. ಆದರೆ ಸುಂಕವೇ ಇಲ್ಲದಿದ್ದಾಗ ಬೆಲೆಯನ್ನು ಹೆಚ್ಚಿಗೆ ಬರೆದರೆ ಸುಂಕದಲ್ಲಿ ಕಳೆದುಕೊಳ್ಳುವುದೇನು? ಕಡತಗಳ ನಡುವೆಯೇ ಕೂದಲು ನರೆತ ನನಗೂ ಈ ಉಪಾಯ ಹೊಳೆದಿರಲಿಲ್ಲ.

2020ರಲ್ಲಿ ಸುಂಕದ ಕಾಯಿದೆಗೆ ಹೊಸ ಕಲಮು ಸೇರಿಸಿದರು. ಆ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಮೂಲದ ಪತ್ರವೊಂದನ್ನೇ ಹಿಡಿದು ಬಂದರೆ ಸಾಲದು. ಸರಕು ಅಲ್ಲಿಯದೇ ಎಂಬ ವಿವರಗಳು ಆಮದುದಾರನ ಕೈಯಲ್ಲಿರಬೇಕು, ಐದು ವರ್ಷ ಅವನ್ನು ಕಾಪಾಡಿ ಇಡಬೇಕು, ಸಂದೇಹ ಬಂದರೆ ಅಧಿಕಾರಿ ಕೇಳಬಹುದು. ಇದನ್ನೆಲ್ಲ ನಾನು ಫೋನಿನಲ್ಲಿ ಉತ್ಸಾಹದಿಂದ ವಿವರಿಸಿದೆ. ಆ ಕಡೆ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂತೂ ಇನ್ನೊಂದಷ್ಟು ಕಾಗದ ಅನ್ನು" ಎಂದರು. ಕೊಯ್ಲಿನ ಆಳುಗಳು ಏಣಿ ಹೊತ್ತು ಬಂದಿದ್ದರಂತೆ. ಅಕ್ಕನ ಕೈಗೆ ಫೋನು ಕೊಟ್ಟು ತೋಟಕ್ಕೆ ಹೊರಟರು.